ತಿರುಗುವ ಯಂತ್ರಗಳ ನಡುಕವೂ ಸದ್ದೂ

ಗದ್ದೆಯ ಬದಿಯ ಪಂಪಿನ ಮನೆಯಲ್ಲಿ ಮೋಟಾರು ಎಂದಿನಂತಲ್ಲದೆ ಒಂದು ಬಗೆಯ ಗೊರಗೊರ ಸದ್ದು ಮಾಡತೊಡಗಿದೆ ಎಂದು ಭಾವಿಸೋಣ. ಪೇಟೆಯಿಂದ ಬಂದ ಫಿಟ್ಟರನು ಮೊದಲು ಮಾಡುವ ಕೆಲಸ ನೋಡುವವರಿಗೆ ವಿಚಿತ್ರವಾಗಿ ತೋರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಹೊದಿಕೆಗೆ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಆನಿಸಿ ಅವನು ಸ್ವಲ್ಪ ಹೊತ್ತು ಆಲಿಸುತ್ತಾನೆ. ಅನಂತರ ಮೋಟಾರನ್ನು ಆರಿಸುವಂತೆ ಹೇಳುತ್ತಾನೆ. ಆದರೆ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆಯುವುದಿಲ್ಲ. ಮೋಟಾರು ನಿಧಾನವಾಗುತ್ತ ನಿಧಾನವಾಗುತ್ತ ಪೂರ್ತಿ ನಿಲ್ಲುವವರೆಗೂ ಆಲಿಸುತ್ತಲೇ ಇರುತ್ತಾನೆ.

ಓಡುವ ಯಂತ್ರದ ರೋಗವನ್ನು ಅರಿಯಲು ಯಂತ್ರವನ್ನು ಏಕೆ ನಿಲ್ಲಿಸಬೇಕು? ಫಿಟ್ಟರನು ಅದಕ್ಕೆ ಕೊಡುವ ಉತ್ತರ ಸರಳವಾಗಿದೆ. ವಿದ್ಯುಚ್ಛಕ್ತಿ ತಪ್ಪಿದ ಕ್ಷಣದಲ್ಲಿಯೇ ಸದ್ದು ಕಡಿದು ಹೋದರೆ ದೋಷವಿರುವುದು ಸುರುಳಿಗಳಲ್ಲಿ ಅಥವಾ ಮೋಟಾರಿನ ಅಯಸ್ಕಾಂತ ಭಾಗದಲ್ಲಿ. ಸದ್ದು ಮೋಟಾರಿನ ವೇಗದೊಡನೆ ಮೆಲ್ಲಮೆಲ್ಲನೆ ಇಳಿದರೆ ದೋಷವಿರುವುದು ಬೇರಿಂಗಿನಲ್ಲಿ ಅಥವಾ ತಿರುಗುವ ಬೇರೊಂದು ಭಾಗದಲ್ಲಿ. ನಡುವೆ ಎಲ್ಲೋ ಒಂದು ವೇಗದಲ್ಲಿ ಮಾತ್ರ ಸದ್ದು ಫಕ್ಕನೆ ಹೆಚ್ಚಿ ಮತ್ತೆ ಅಡಗಿದರೆ ಅಡಿಪಾಯದ ಬೋಲ್ಟುಗಳು ಸಡಿಲವಾಗಿವೆಯೇ ಎಂದು ಅವನು ನೋಡುತ್ತಾನೆ. ಈ ಮೂರು ಸಂಗತಿಗಳಲ್ಲಿ ಒಂದನ್ನಾದರೂ ಅವನು ಮೋಟಾರು ಒಂದೇ ವೇಗದಲ್ಲಿ ಓಡುತ್ತಿರುವಾಗ ನಿಶ್ಚಯವಾಗಿ ತಿಳಿಯಲಾರ. ವೇಗ ಬದಲಾದಾಗಲೇ ಯಂತ್ರದ ಗುಟ್ಟು ಹೊರಬೀಳುತ್ತದೆ. ವಿದ್ಯುದಾಗಾರಗಳ ದೊಡ್ಡ ಟರ್ಬೈನುಗಳನ್ನೂ ವಿಮಾನದ ಎಂಜಿನುಗಳನ್ನೂ ಪರೀಕ್ಷಿಸುವ ಎಂಜಿನಿಯರರು ಇಂದು ಅನುಸರಿಸುವ ವಿಧಾನದ ತಿರುಳು ಇದೇ ಆಗಿದೆ.

ತಿರುಗುವ ಯಂತ್ರ ನಡುಗುವುದಾದರೂ ಏಕೆ ಎಂಬುದನ್ನು ಮೊದಲು ನೋಡೋಣ. ಎಷ್ಟೇ ಎಚ್ಚರಿಕೆಯಿಂದ ಕಡೆದ ಚಕ್ರವಾದರೂ ಅದರ ಗುರುತ್ವ ಕೇಂದ್ರವು ಅಕ್ಷದ ಮೇಲೆ ಕರಾರುವಾಕ್ಕಾಗಿ ಬೀಳುವುದಿಲ್ಲ. ಒಂದು ಬದಿ ಕೂದಲೆಳೆಯಷ್ಟಾದರೂ ಹೆಚ್ಚು ಭಾರವಾಗಿರುತ್ತದೆ. ಚಕ್ರ ತಿರುಗುವಾಗ ಆ ಹೆಚ್ಚುವರಿ ಭಾರವು ಕೇಂದ್ರಾಪಗಾಮಿ ಬಲದಿಂದ ಷಾಫ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಈ ಎಳೆತ ಅಲ್ಪವಾದದ್ದೆಂದು ತಿಳಿಯಬಾರದು. ಅಕ್ಷದಿಂದ ಅರ್ಧ ಮೀಟರು ದೂರದಲ್ಲಿ ಕೇವಲ 10 ಗ್ರಾಂ ತೂಕದ ತುಣುಕೊಂದು ಹೆಚ್ಚಾಗಿದ್ದು, ಚಕ್ರವು ಮಿನಿಟಿಗೆ 3000 ಸುತ್ತು ತಿರುಗುತ್ತಿದ್ದರೆ, ಷಾಫ್ಟಿನ ಮೇಲೆ ಬೀಳುವ ಎಳೆತ ಸುಮಾರು 50 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಒಂದು ಅಕ್ಕಿಮೂಟೆಯನ್ನು ಷಾಫ್ಟಿಗೆ ಕಟ್ಟಿ ಅದನ್ನು ಸೆಕೆಂಡಿಗೆ 50 ಸಲ ಮೇಲಕ್ಕೂ ಕೆಳಕ್ಕೂ ಎಡಕ್ಕೂ ಬಲಕ್ಕೂ ಜಗ್ಗಿದಂತೆ! ವೇಗವನ್ನು ಅರ್ಧಕ್ಕೆ ಇಳಿಸಿದರೆ ಎಳೆತ ಕಾಲುಭಾಗಕ್ಕೆ ಇಳಿಯುತ್ತದೆ.

ಒಂದು ಸುತ್ತಿಗೆ ಒಂದು ಸಲ ಆಗುವ ಈ ಜಗ್ಗಾಟವಲ್ಲದೆ ಬೇರೆ ಬಗೆಯವೂ ಉಂಟು. ಆರು ಸಿಲಿಂಡರಿನ ಬಸ್ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಉರಿಯುವುದರಿಂದ ಒಂದು ಸುತ್ತಿಗೆ ಮೂರು ಏಟುಗಳು ಬೀಳುತ್ತವೆ. ನಿಲ್ದಾಣದಲ್ಲಿ ನಿಂತ ಬಸ್ಸಿನ ಎಂಜಿನು ಮಿನಿಟಿಗೆ 600 ಸುತ್ತು, ಎಂದರೆ ಸೆಕೆಂಡಿಗೆ 10 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿಗೆ 30 ಏಟುಗಳಾದವು. ಈಗ ಕಿಟಕಿಯ ಗಾಜನ್ನು ಗಮನಿಸೋಣ. ಗಾಜಿಗೂ ಅದರ ಚೌಕಟ್ಟಿಗೂ ತಮ್ಮದೇ ಆದ ಒಂದು ಸಹಜ ಆವೃತ್ತಿ ಇರುತ್ತದೆ. ಒಮ್ಮೆ ತಟ್ಟಿ ಬಿಟ್ಟರೆ ಅವು ಆ ಆವೃತ್ತಿಯಲ್ಲಿಯೇ ಕಂಪಿಸುತ್ತವೆ. ಅದು ಸೆಕೆಂಡಿಗೆ 35 ಎಂದು ಇಟ್ಟುಕೊಂಡರೆ, ಚಾಲಕನು ಆಕ್ಸಿಲರೇಟರನ್ನು ಕೊಂಚ ತುಳಿದು ಎಂಜಿನಿನ ವೇಗ 700 ಸುತ್ತಿಗೆ ಬಂದ ಕೂಡಲೇ ಏಟುಗಳ ಎಣಿಕೆಯೂ 35 ಆಗುತ್ತದೆ. ಜೋಕಾಲಿಯನ್ನು ಅದರ ತೂಗಿಗೆ ಸರಿಯಾಗಿ ತಳ್ಳಿದರೆ ಅದು ಮೇಲೆ ಮೇಲೆ ಏರುವಂತೆ ಗಾಜು ಗಡಗಡನೆ ನಡುಗಿ ಪ್ರಯಾಣಿಕರ ನಿದ್ದೆ ಕೆಡಿಸುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಬಸ್ಸು ಹೊರಟು ಎಂಜಿನು 1000 ಸುತ್ತನ್ನು ದಾಟಿದಾಗ ಅದೇ ಗಾಜು ಸುಮ್ಮನಾಗುತ್ತದೆ. ಎಂಜಿನಿನ ಶಕ್ತಿ ಹೆಚ್ಚಿದೆ, ಗಾಜಿನ ಗಲಾಟೆ ಕಡಿಮೆಯಾಗಿದೆ. ಹೀಗಾಗುವುದನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರಬಹುದು; ಏಕೆಂದು ಯೋಚಿಸಿದವರು ಕಡಿಮೆಯಿರಬೇಕು.

ಹೀಗೆ ಯಂತ್ರದ ಕಂಪನದಲ್ಲಿ ಎರಡು ಜಾತಿಗಳಿವೆ. ಮೊದಲನೆಯದು ತಿರುಗುವಿಕೆಯ ಬಾಲ ಹಿಡಿದು ನಡೆಯುವಂಥದು. ವೇಗ ಇಮ್ಮಡಿಯಾದರೆ ಅದರ ಆವೃತ್ತಿಯೂ ಇಮ್ಮಡಿಯಾಗುತ್ತದೆ. ಎರಡನೆಯದು ಲೋಹದ, ಗಾಜಿನ, ಅಡಿಪಾಯದ ಸ್ವಂತ ಆವೃತ್ತಿ. ಯಂತ್ರ ಎಷ್ಟೇ ವೇಗವಾಗಿ ಓಡಿದರೂ ಅದು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ನಮ್ಮ ಸಂಗೀತವನ್ನು ಬಲ್ಲವರಿಗೆ ಇದನ್ನು ಬೇರೊಂದು ರೀತಿಯಲ್ಲಿ ಹೇಳಬಹುದು. ಗಾಯಕರು ಒಬ್ಬೊಬ್ಬರೂ ತಮ್ಮ ಕಂಠಕ್ಕೆ ಒಪ್ಪುವ ಶ್ರುತಿಯನ್ನು ಇಟ್ಟುಕೊಳ್ಳುತ್ತಾರೆ. ಷಡ್ಜವು ಒಬ್ಬರಲ್ಲಿ ಕೆಳಗಿರುತ್ತದೆ, ಮತ್ತೊಬ್ಬರಲ್ಲಿ ಮೇಲಿರುತ್ತದೆ. ಆದರೆ ಪಂಚಮವು ಯಾವಾಗಲೂ ಆ ಷಡ್ಜದ ಒಂದೂವರೆಯಷ್ಟೇ. ರಾಗವನ್ನು ನಾವು ಗುರುತಿಸುವುದು ಈ ಪ್ರಮಾಣಗಳಿಂದ. ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕದಿಂದಲ್ಲ. ಯಂತ್ರಕ್ಕೆ ಅದರ ತಿರುಗುವ ವೇಗವೇ ಷಡ್ಜ. ಸುತ್ತಿಗೆ ಒಂದು ಸಲ, ಎರಡು ಸಲ, ಮೂರು ಸಲ ಆಗುವ ಕಂಪನಗಳು ಅದರ ಸ್ವರಗಳು. ಇವುಗಳಿಗೆ ಒಂದನೆಯ ಶ್ರೇಣಿ, ಎರಡನೆಯ ಶ್ರೇಣಿ, ಮೂರನೆಯ ಶ್ರೇಣಿ ಎಂದು ಹೆಸರಿಡೋಣ. ಶ್ರುತಿ ಏರಿದಂತೆ ಇವೆಲ್ಲ ಒಟ್ಟಾಗಿ ಏರುತ್ತವೆ. ಗಾಯನ ನಡೆಯುತ್ತಿರುವಾಗ ಸಭಾಮಂದಿರದ ಮೂಲೆಯಲ್ಲಿ ಸಡಿಲವಾದ ತಗಡೊಂದು ಯಾವುದೋ ಒಂದು ಸ್ವರಕ್ಕೆ ಮಾತ್ರ ಝೇಂಕರಿಸುತ್ತದೆಯಲ್ಲ, ಸಹಜ ಆವೃತ್ತಿ ಎಂಬುದು ಆ ತಗಡಿನಂತೆ.

ಒಂದೇ ವೇಗದಲ್ಲಿ ಓಡುವ ಯಂತ್ರದಲ್ಲಿ ಸೆಕೆಂಡಿಗೆ 100 ಕಂಪನಗಳ ಸದ್ದು ಕೇಳಿಬಂದರೆ ಅದು ಯಾವ ಜಾತಿಯದು? ಎರಡನೆಯ ಶ್ರೇಣಿಯೋ, ತಗಡಿನ ಅನುರಣನವೋ? ನಮ್ಮ ದೇಶದಲ್ಲಿ ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ ಟ್ರಾನ್ಸ್‌ಫಾರ್ಮರು ಮತ್ತು ಮೋಟಾರುಗಳ ಕಬ್ಬಿಣವೂ ಸೆಕೆಂಡಿಗೆ 100 ಸಲವೇ ಗುಂಯ್‌ಗುಡುತ್ತದೆ. ಹಾಗಾದರೆ ಇದು ಅದೇ ಇರಬಹುದೇ? ಎಷ್ಟು ಸೂಕ್ಷ್ಮವಾದ ಉಪಕರಣವನ್ನು ತಂದಿಟ್ಟರೂ ಈ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ. ವೇಗವನ್ನು ಬದಲಾಯಿಸಿದರೆ ಮರುಕ್ಷಣದಲ್ಲಿಯೇ ಸಿಕ್ಕುತ್ತದೆ.

ವೇಗವನ್ನು ಬದಲಾಯಿಸುವುದು ಎಂದೆವು. ಆದರೆ ಅದರಲ್ಲಿಯೇ ಒಂದು ಅಪಾಯವೂ ಇದೆ. ಷಾಫ್ಟಿಗೂ ಅದರ ಮೇಲಿನ ಚಕ್ರಗಳಿಗೂ ಕೂಡ ಒಂದು ಸಹಜ ಆವೃತ್ತಿ ಉಂಟಷ್ಟೆ. ಸುತ್ತುಗಳ ಎಣಿಕೆ ಅದಕ್ಕೆ ಸಮನಾದರೆ ಒಂದನೆಯ ಶ್ರೇಣಿಯ ಜಗ್ಗಾಟವೇ ಷಾಫ್ಟನ್ನು ಬಿಲ್ಲಿನಂತೆ ಬಾಗಿಸುತ್ತದೆ. ಇದು ಷಾಫ್ಟಿನ ಕ್ರಾಂತಿಕ ವೇಗ. 1869ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರ‍್ಯಾಂಕಿನನು ಈ ವಿಷಯವನ್ನು ಕುರಿತು ಬರೆದು, ಈ ಮಿತಿಯನ್ನು ಮೀರಿ ಯಾವ ಷಾಫ್ಟೂ ಸ್ಥಿರವಾಗಿ ತಿರುಗಲಾರದೆಂದು ತೀರ್ಮಾನಿಸಿದನು. ಉಷ್ಣಗತಿ ವಿಜ್ಞಾನದಲ್ಲಿ ಹೆಸರಾಂತ ವಿದ್ವಾಂಸನ ಮಾತು! ಅಲ್ಲಗಳೆಯುವವರು ಯಾರು? ಷಾಫ್ಟುಗಳನ್ನು ದಪ್ಪಗೆ ಮಾಡಿ ಆ ಮಿತಿಯ ಕೆಳಗೇ ಓಡಿಸುವುದು ವಾಡಿಕೆಯಾಯಿತು.

ಅಲ್ಲಗಳೆದವನು ಹಾಲಿನಿಂದ ಕೆನೆ ತೆಗೆಯುವ ಯಂತ್ರವನ್ನು ಕಂಡುಹಿಡಿದ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್. ಕೆನೆ ಯಂತ್ರಕ್ಕೆ ಬಹಳ ವೇಗ ಬೇಕಾಗಿತ್ತು. ಅದಕ್ಕಾಗಿ ಅವನು ಉಗಿ ಟರ್ಬೈನನ್ನು ಕಟ್ಟಲು ತೊಡಗಿದನು. ಅವನ ಚಿಕ್ಕ ಟರ್ಬೈನುಗಳು ಮಿನಿಟಿಗೆ 30,000 ಸುತ್ತಿನವರೆಗೂ ತಿರುಗುತ್ತಿದ್ದವು. ಅಷ್ಟು ವೇಗಕ್ಕೆ ತಡೆಯುವಂತೆ ಷಾಫ್ಟನ್ನು ದಪ್ಪ ಮಾಡುವುದು ಸಾಧ್ಯವಿರಲಿಲ್ಲ. 1880ರ ದಶಕದ ಕೊನೆಯ ಹೊತ್ತಿಗೆ ಅವನು ತದ್ವಿರುದ್ಧವಾದ ಉಪಾಯವನ್ನು ಹೂಡಿದನು. ಷಾಫ್ಟನ್ನು ಬಳುಕುವಷ್ಟು ತೆಳ್ಳಗೆ ಮಾಡಿದನು. ಅದರಿಂದ ಕ್ರಾಂತಿಕ ವೇಗ ಬಹಳ ಕೆಳಕ್ಕೆ ಇಳಿಯಿತು. ಯಂತ್ರವು ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಆ ವೇಗವನ್ನು ನಡುಗುತ್ತ ದಾಟಿ, ಆಮೇಲೆ ಬುಗುರಿಯಂತೆ ನಿಶ್ಚಲವಾಗಿ ತಿರುಗುತ್ತಿತ್ತು.

ದಾಟಿದ ಮೇಲೆ ನಡುಕ ಏಕೆ ನಿಲ್ಲಬೇಕೆಂಬುದನ್ನು ಸಮರ್ಪಕವಾಗಿ ವಿವರಿಸಿದ್ದು ಜೆಫ್‌ಕಾಟ್ ಎಂಬ ಐರಿಷ್ ಎಂಜಿನಿಯರನ 1919ರ ಲೇಖನ. ಅದರ ಸಾರವನ್ನು ತಿಳಿಯಲು ಒಂದು ರಬ್ಬರು ದಾರ ಮತ್ತು ಒಂದು ಕಲ್ಲು ಸಾಕು. ಕಲ್ಲನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಕೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಕಲ್ಲೂ ಕೈಯೊಡನೆ ಏರಿಳಿಯುತ್ತದೆ. ವೇಗವನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಕಲ್ಲು ಹುಚ್ಚೆದ್ದು ಕುಣಿಯುತ್ತದೆ. ಇನ್ನೂ ವೇಗವಾಗಿ ಆಡಿಸಿದರೆ ಕಲ್ಲು ಕೈಗೆ ವಿರುದ್ಧವಾಗಿ, ಅಂದರೆ ಕೈ ಮೇಲೇರಿದಾಗ ಕೆಳಗಿಳಿಯುತ್ತ, ಕೊನೆಗೆ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ. ಷಾಫ್ಟಿನಲ್ಲಿಯೂ ಹಾಗೆಯೇ. ಕ್ರಾಂತಿಕ ವೇಗದ ಕೆಳಗೆ ಚಕ್ರದ ಭಾರವಾದ ಬದಿ ಹೊರಕ್ಕೆ ಬಾಗುತ್ತದೆ. ಅದನ್ನು ಮೀರಿದ ಮೇಲೆ ಭಾರವಾದ ಬದಿ ಒಳಕ್ಕೆ ಸರಿದು, ಚಕ್ರವು ತನ್ನ ಗುರುತ್ವ ಕೇಂದ್ರದ ಸುತ್ತಲೇ ತಿರುಗತೊಡಗುತ್ತದೆ. ಇದರಿಂದ ಒಂದು ತಮಾಷೆಯ ಪರಿಣಾಮವೂ ಉಂಟು. ತಿರುಗುವ ಷಾಫ್ಟಿನ ಹತ್ತಿರಕ್ಕೆ ಸೀಮೆಸುಣ್ಣದ ತುದಿಯನ್ನು ತಂದರೆ ಉಬ್ಬಿದ ಬದಿಯಲ್ಲಿ ಗುರುತು ಬೀಳುತ್ತದೆಯಷ್ಟೆ. ಕ್ರಾಂತಿಕ ವೇಗದ ಕೆಳಗಾದರೆ ಅದೇ ಭಾರವಾದ ಬದಿ. ಮೇಲಾದರೆ ಅದು ಹಗುರವಾದ ಬದಿ! ಯಂತ್ರವು ಯಾವ ಬದಿಯಲ್ಲಿದೆಯೆಂದು ತಿಳಿಯದೆ ಸಮತೋಲದ ತೂಕವನ್ನು ಜೋಡಿಸಿದವನು ನಡುಕವನ್ನು ಇಮ್ಮಡಿ ಮಾಡಿಯಾನು.

ಬಟ್ಟೆ ಒಗೆಯುವ ಯಂತ್ರವಿರುವ ಮನೆಯವರು ಡಿ ಲಾವಲನ ಉಪಾಯವನ್ನು ನಿತ್ಯವೂ ನೋಡುತ್ತಾರೆ. ನೀರು ಹಿಂಡುವ ಹೊತ್ತಿಗೆ ತೊಟ್ಟಿಯು ಮೊದಲು ಧಡಧಡನೆ ಅಲುಗಾಡಿ, ವೇಗ ಏರಿದಂತೆ ಶಾಂತವಾಗುತ್ತದೆ; ನಿಲ್ಲುವ ಮುನ್ನ ಮತ್ತೊಮ್ಮೆ ಅಲುಗಾಡುತ್ತದೆ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಕ್ರಾಂತಿಕ ವೇಗವನ್ನು ದಾಟಲೇಬೇಕಲ್ಲವೇ?

ರಾಯಚೂರಿನ ಬಳಿ ಶಕ್ತಿನಗರದಲ್ಲಿರುವಂಥ ದೊಡ್ಡ ಉಗಿ ಟರ್ಬೈನುಗಳು ಮಿನಿಟಿಗೆ 3000 ಸುತ್ತು ತಿರುಗುತ್ತವೆ. ಅವುಗಳ ಕ್ರಾಂತಿಕ ವೇಗಗಳು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತವೆ. ಆದುದರಿಂದ ಯಂತ್ರವನ್ನು ಹೊರಡಿಸುವಾಗ ಆ ವೇಗಗಳಲ್ಲಿ ತಡೆಯದೆ ಬೇಗ ದಾಟಿಸಬೇಕು. ಅನುರಣನ ಬಲಿಯಲು ಸಮಯ ಬೇಕು. ಜೋಕಾಲಿಯನ್ನು ಎರಡು ಸಲ ತಳ್ಳಿ ಬಿಟ್ಟರೆ ಅದು ಅಷ್ಟೇನೂ ಮೇಲೇರುವುದಿಲ್ಲ. ನಿಲ್ಲಿಸುವಾಗಲಾದರೋ ಟರ್ಬೈನು ತನ್ನಷ್ಟಕ್ಕೆ ತಾನು ಬಹಳ ಹೊತ್ತು ತಿರುಗುತ್ತ ನಿಧಾನವಾಗುತ್ತದೆ. ನಿಂತ ಮೇಲೆಯೂ ಅದಕ್ಕೆ ವಿಶ್ರಾಂತಿಯಿಲ್ಲ. ಕಾದ ಷಾಫ್ಟು ಅಲ್ಲಾಡದೆ ನಿಂತರೆ ಕೆಳಭಾಗ ಬೇಗ ತಣ್ಣಗಾಗಿ ಷಾಫ್ಟು ಡೊಂಕಾಗುತ್ತದೆ. ಅದಕ್ಕಾಗಿ ಒಂದು ಚಿಕ್ಕ ಮೋಟಾರಿನಿಂದ ಅದನ್ನು ಮೆಲ್ಲಗೆ ತಿರುಗಿಸುತ್ತಲೇ ಇರುತ್ತಾರೆ.

ಈ ಏರಿಕೆ ಮತ್ತು ಇಳಿಕೆಯ ಹೊತ್ತನ್ನು ಎಂಜಿನಿಯರರು ವ್ಯರ್ಥವಾಗಲು ಬಿಡುವುದಿಲ್ಲ. ಬೇರಿಂಗುಗಳ ಮೇಲೆ ಚಿಕ್ಕ ಚಿಕ್ಕ ಸಂವೇದಕಗಳನ್ನು ಅಂಟಿಸಿರುತ್ತಾರೆ. ಹರಳನ್ನು ಒತ್ತಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ಈ ಸಂವೇದಕಗಳಲ್ಲಿ ಬಹುಪಾಲು ಅದೇ ತತ್ವದಿಂದ ಕೆಲಸ ಮಾಡುತ್ತವೆ. ಸದ್ದನ್ನು ಹಿಡಿಯಲು ಮೈಕ್ರೊಫೋನು ಉಂಟು. ಇವುಗಳ ಜೊತೆಗೆ ಷಾಫ್ಟಿನ ಮೇಲೆ ಒಂದು ಗುರುತನ್ನು ಮಾಡಿ, ಅದು ಎದುರಿಗೆ ಬಂದಾಗಲೆಲ್ಲ ಒಂದು ಮಿಡಿತ ದಾಖಲೆಯಾಗುವಂತೆ ಏರ್ಪಡಿಸುತ್ತಾರೆ. ನೋಡಲು ಅತ್ಯಲ್ಪವಾದ ಈ ಗುರುತಿಲ್ಲದಿದ್ದರೆ ಉಳಿದ ದಾಖಲೆಯ ಬೆಲೆ ಅರ್ಧಕ್ಕೆ ಇಳಿಯುತ್ತದೆಂದು ನಾವು ಹೇಳುತ್ತೇವೆ. ಕಂಪನವು ತಿರುಗುವಿಕೆಗೆ ಎಷ್ಟು ಮುಂದೆ ಅಥವಾ ಹಿಂದೆ ಇದೆ, ಭಾರವಾದ ಬದಿ ಯಾವುದು ಎಂಬುದೆಲ್ಲ ಅದರಿಂದಲೇ ತಿಳಿಯಬೇಕು.

ಜಟಿಲವಾದ ಯಾವ ಕಂಪನವನ್ನಾದರೂ ಸರಳ ಕಂಪನಗಳ ಮೊತ್ತವಾಗಿ ಬಿಡಿಸಬಹುದೆಂಬುದನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೇ ತೋರಿಸಿಕೊಟ್ಟನಷ್ಟೆ. ಅವನ ಪ್ರಸಿದ್ಧ ಗ್ರಂಥ ಹೊರಬಿದ್ದದ್ದು 1822ರಲ್ಲಿ. ಇಂದು ಗಣಕಯಂತ್ರವು ಆ ಕೆಲಸವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಟರ್ಬೈನಿನ ವೇಗವು 50 ಸುತ್ತು ಬದಲಾದಾಗಲೆಲ್ಲ ಹೀಗೆ ಬಿಡಿಸಿದ ಒಂದು ನಕ್ಷೆಯನ್ನು ಬರೆದು, ನಕ್ಷೆಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಜೋಡಿಸಿದರೆ ಬೆಟ್ಟಸಾಲಿನಂತಹ ಚಿತ್ರವೊಂದು ಮೂಡುತ್ತದೆ. ಅದರಲ್ಲಿ ಕೆಲವು ಶಿಖರಗಳು ಓರೆಯಾದ ಸಾಲಿನಲ್ಲಿ ನಿಲ್ಲುತ್ತವೆ, ಇವು ಶ್ರೇಣಿಗಳು. ಕೆಲವು ನೆಟ್ಟಗೆ ಒಂದೇ ಆವೃತ್ತಿಯಲ್ಲಿ ನಿಲ್ಲುತ್ತವೆ. ಇವು ಸಹಜ ಆವೃತ್ತಿಗಳು ಅಥವಾ ವಿದ್ಯುತ್ತಿನ ಗುಂಯ್‌ಗಾನ. ಎರಡೂ ಸಾಲುಗಳು ಕೂಡುವ ಎಡೆಯಲ್ಲಿ ಶಿಖರವು ಎದ್ದು ನಿಲ್ಲುತ್ತದೆ.

ಶ್ರೇಣಿಯ ಅಂಕಿಯನ್ನು ನೋಡಿಯೇ ತಪ್ಪಿತಸ್ಥನನ್ನು ಬಹುಮಟ್ಟಿಗೆ ಊಹಿಸಬಹುದು. ಒಂದನೆಯ ಶ್ರೇಣಿ ಹೆಚ್ಚಿದರೆ ಮೊದಲು ಸಂದೇಹಿಸಬೇಕಾದದ್ದು ಸಮತೋಲದ ಕೊರತೆ. ಎರಡನೆಯದು ಹೆಚ್ಚಿದರೆ ಜೋಡಿಸಿದ ಎರಡು ಷಾಫ್ಟುಗಳು ಒಂದೇ ನೇರದಲ್ಲಿಲ್ಲದಿರಬಹುದು. 20 ಹಲ್ಲಿನ ಗಾಲಿಯಾದರೆ ಇಪ್ಪತ್ತನೆಯ ಶ್ರೇಣಿ ಹಾಡುತ್ತದೆ. ಗುಂಡು ಬೇರಿಂಗಿನ ರೀತಿಯೇ ಬೇರೆ. ಅದರ ಗುಂಡುಗಳು ಒಟ್ಟಾಗಿ ಷಾಫ್ಟಿನ ಅರ್ಧ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಸುತ್ತುತ್ತವೆ. ಎಂಟು ಗುಂಡುಗಳಿದ್ದು ಹೊರಬಳೆಯಲ್ಲಿ ಒಂದು ಗೀರು ಬಿದ್ದಿದ್ದರೆ ಸುತ್ತಿಗೆ ಸುಮಾರು 3.2 ಏಟುಗಳು ಬೀಳುತ್ತವೆ. ಭಿನ್ನರಾಶಿಯ ಶ್ರೇಣಿ ಕಂಡಿತೆಂದರೆ ಬೇರಿಂಗಿನ ಕಡೆಗೆ ನೋಡು ಎಂದೇ ಅರ್ಥ. ನಮ್ಮ ಫಿಟ್ಟರನ ಕಿವಿಗೆ ಅದು ಬರಿಯ ಗೊರಗೊರ. ಅಂಕಿಯನ್ನು ಅವನು ಕೇಳನು, ಆದರೆ ತೀರ್ಪು ಬಹಳ ಸಲ ಸರಿಯಾಗಿಯೇ ಇರುತ್ತದೆ.

ಇಲ್ಲಿ ಒಂದು ತೊಡಕು ಬರುತ್ತದೆ. ಎರಡು ಆವೃತ್ತಿಗಳು ಸೆಕೆಂಡಿಗೆ ಒಂದರಷ್ಟು ಮಾತ್ರ ಭಿನ್ನವಾಗಿದ್ದರೆ ಅವುಗಳನ್ನು ಬೇರ್ಪಡಿಸಲು ಕಡೆಯಪಕ್ಷ ಒಂದು ಸೆಕೆಂಡಾದರೂ ಆಲಿಸಬೇಕು. ಇದು ಉಪಕರಣದ ದೋಷವಲ್ಲ, ಗಣಿತದ ನಿಯಮ. ಆದರೆ ಆ ಒಂದು ಸೆಕೆಂಡಿನಲ್ಲಿ ಎಂಜಿನಿನ ವೇಗವು ಸೆಕೆಂಡಿಗೆ 20 ಸುತ್ತಿನಿಂದ 25ಕ್ಕೆ ಏರಿದರೆ, ಹತ್ತನೆಯ ಶ್ರೇಣಿಯು 200ರಿಂದ 250ಕ್ಕೆ ಜಾರಿರುತ್ತದೆ. ಓಡುತ್ತಿರುವ ಹುಡುಗನ ಛಾಯಾಚಿತ್ರದಂತೆ ಶಿಖರವೆಲ್ಲ ಕಲಸಿಹೋಗುತ್ತದೆ. ಹೆಚ್ಚು ಹೊತ್ತು ಆಲಿಸಿದರೆ ಕಲಸುತ್ತದೆ. ಕಡಿಮೆ ಹೊತ್ತು ಆಲಿಸಿದರೆ ಬಿಡಿಸಲಾಗದು.

ಇದಕ್ಕೆ ಕಂಡುಕೊಂಡ ಪರಿಹಾರ ನಮಗೆ ಬಹಳ ಸೊಗಸಾಗಿ ತೋರುತ್ತದೆ. ಕಂಪನವನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಅಳೆಯುವುದರ ಬದಲು ಸುತ್ತಿಗೆ ಇಷ್ಟು ಸಲ, ಉದಾಹರಣೆಗೆ 64 ಸಲ, ಎಂದು ಅಳೆಯುತ್ತಾರೆ. ಯಂತ್ರ ಓಡಿದರೆ ಅಳತೆಯೂ ಓಡುತ್ತದೆ, ಯಂತ್ರ ನಿಧಾನಿಸಿದರೆ ಅಳತೆಯೂ ನಿಧಾನಿಸುತ್ತದೆ. ಹಾಡುಗಾರನು ಕಾಲವನ್ನು ಹೆಚ್ಚಿಸಿದರೂ ತಾಳ ಹಾಕುವವನಿಗೆ ಆದಿತಾಳದ ಎಂಟು ಅಕ್ಷರಗಳು ಎಂಟೇ ಆಗಿ ಉಳಿಯುವಂತೆ, ಈ ಲೆಕ್ಕದಲ್ಲಿ ಹತ್ತನೆಯ ಶ್ರೇಣಿಯು ಯಾವ ವೇಗದಲ್ಲಿಯೂ ಹತ್ತನೆಯದೇ ಆಗಿರುತ್ತದೆ. ಮೊದಲು ಈ ಕೆಲಸಕ್ಕೆ ಷಾಫ್ಟಿನ ಮೇಲೆ ಹಲ್ಲುಗಾಲಿಯನ್ನು ಕೂರಿಸಿ ಅದರ ಮಿಡಿತಗಳಿಂದಲೇ ಅಳತೆಯನ್ನು ನಡೆಸುತ್ತಿದ್ದರು. ಈಗ ಎಲ್ಲವನ್ನೂ ಒಂದೇ ಸಮನೆ ದಾಖಲಿಸಿಕೊಂಡು, ಸುತ್ತಿಗೊಂದರಂತೆ ಬಿದ್ದ ಮಿಡಿತಗಳ ನೆರವಿನಿಂದ ಗಣಕಯಂತ್ರವೇ ಅದನ್ನು ಸುತ್ತಿನ ಲೆಕ್ಕಕ್ಕೆ ಪರಿವರ್ತಿಸುತ್ತದೆ. ಆದರೆ ಹೀಗೆ ಮಾಡಿದಾಗ ಸಹಜ ಆವೃತ್ತಿಗಳ ಶಿಖರಗಳು ಕಲಸಿಹೋಗುತ್ತವೆ. ಒಂದನ್ನು ನೇರ ಮಾಡಿದರೆ ಮತ್ತೊಂದು ಓರೆ! ಆದುದರಿಂದ ಎರಡೂ ಬಗೆಯ ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಬೇಕಾಗುತ್ತದೆ.

ಇಷ್ಟೆಲ್ಲ ಶ್ರಮ ಏತಕ್ಕೆ? ದೊಡ್ಡ ಷಾಫ್ಟಿನಲ್ಲಿ ಬಿರುಕು ಬಿಟ್ಟ ಸಂದರ್ಭವನ್ನು ನೋಡಿದರೆ ತಿಳಿಯುತ್ತದೆ. ಬಿರುಕು ಬಿಟ್ಟ ಷಾಫ್ಟು ಒಂದು ಪಾರ್ಶ್ವದಲ್ಲಿ ಹೆಚ್ಚು ಬಾಗುತ್ತದೆ, ಮತ್ತೊಂದರಲ್ಲಿ ಕಡಿಮೆ. ತನ್ನ ಭಾರಕ್ಕೆ ತಾನೇ ಜೋಲುವ ಅದು ಒಂದು ಸುತ್ತಿನಲ್ಲಿ ಎರಡು ಸಲ ಏರಿಳಿಯುತ್ತದೆ. 3000 ಸುತ್ತಿನಲ್ಲಿ ಓಡುತ್ತಿರುವಾಗ ಈ ಎರಡನೆಯ ಶ್ರೇಣಿ ಇತರ ಸದ್ದುಗಳಲ್ಲಿ ಹೂತು ಹೋಗಬಹುದು. ಆದರೆ ಷಾಫ್ಟಿನ ಕ್ರಾಂತಿಕ ವೇಗ 1800 ಆಗಿದ್ದರೆ, ಟರ್ಬೈನನ್ನು ನಿಲ್ಲಿಸುವಾಗ ವೇಗವು 900ಕ್ಕೆ ಬಂದ ಕೂಡಲೇ ಸುತ್ತಿಗೆ ಎರಡರಂತೆ ಬೀಳುವ ಏಟುಗಳು ಮಿನಿಟಿಗೆ 1800 ಆಗಿ ಅನುರಣನ ಏಳುತ್ತದೆ. ಕಳೆದ ಸಲ ನಿಲ್ಲಿಸಿದಾಗ 900ರಲ್ಲಿ ಕಾಣದ ಶಿಖರವೊಂದು ಈ ಸಲ ಕಂಡರೆ, ಷಾಫ್ಟನ್ನು ಬಿಚ್ಚಿ ನೋಡದೆ ಮತ್ತೆ ಓಡಿಸುವುದು ಅವಿವೇಕ. ವರ್ಷಗಟ್ಟಲೆ ಓಡುವ ಯಂತ್ರವು ಕೆಲವು ನಿಮಿಷಗಳ ಇಳಿಕೆಯಲ್ಲಿ ಈ ಒಂದು ಸಂಗತಿಯನ್ನು ತೋರಿಸುತ್ತದೆ.

ಷಾಫ್ಟಿಗಿಂತ ಚಕ್ರಗಳೂ ಅಲಗುಗಳೂ ಹೆಚ್ಚು ಮೋಸಗಾರರು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಉಗಿ ಟರ್ಬೈನುಗಳ ಗಾತ್ರ ಹೆಚ್ಚುತ್ತ ಹೋದಂತೆ ಕೆಲವು ಚಕ್ರಗಳು ಓಡುತ್ತಿರುವಾಗಲೇ ಒಡೆದು ಹೋಗುತ್ತಿದ್ದವು. ಲೆಕ್ಕದ ಪ್ರಕಾರ ಅವು ಸಾಕಷ್ಟು ಬಲವಾಗಿಯೇ ಇದ್ದವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಂಜಿನಿಯರ್ ವಿಲ್ಫ್ರೆಡ್ ಕ್ಯಾಂಪ್‌ಬೆಲ್ ಇದರ ಕಾರಣವನ್ನು ಹುಡುಕಿ 1924ರಲ್ಲಿ ಪ್ರಕಟಿಸಿದನು. ತೆಳುವಾದ ಚಕ್ರವು ಕಂಚಿನ ತಟ್ಟೆಯಂತೆ ಅಲೆಅಲೆಯಾಗಿ ಬಾಗಬಲ್ಲದು. ಆ ಅಲೆಯು ಚಕ್ರದ ಮೇಲೆ ತಿರುಗುವಿಕೆಗೆ ಎದುರು ದಿಕ್ಕಿನಲ್ಲಿ ಹರಿಯುತ್ತ, ಅದರ ವೇಗ ಚಕ್ರದ ವೇಗಕ್ಕೆ ಸರಿಸಮನಾಯಿತೆನ್ನಿ. ಹೊಳೆಯ ಸೆಳವಿಗೆ ಎದುರಾಗಿ ಅಷ್ಟೇ ವೇಗದಲ್ಲಿ ಈಜುವವನು ದಡದಲ್ಲಿ ನಿಂತವರಿಗೆ ಇದ್ದಲ್ಲಿಯೇ ಇದ್ದಂತೆ ಕಾಣುತ್ತಾನಲ್ಲವೇ? ಹಾಗೆಯೇ ಆ ಅಲೆಯು ನಿಂತಲ್ಲಿ ನಿಂತಂತಾಗುತ್ತದೆ. ಆಗ ಉಗಿಯ ಒತ್ತಡದಲ್ಲಿ ಒಂದು ಕಡೆ ಸ್ವಲ್ಪ ಏರುಪೇರಿದ್ದರೂ ಸಾಕು, ಅದು ಅಲೆಯನ್ನು ಬಿಡದೆ ತಳ್ಳುತ್ತ ಬೆಳೆಸುತ್ತದೆ. ಲೋಹದ ಪ್ರತಿಯೊಂದು ಕಣವೂ ಲಕ್ಷಾಂತರ ಸಲ ಹಿಂದಕ್ಕೂ ಮುಂದಕ್ಕೂ ಬಾಗಿ ದಣಿದು ಬಿರಿಯುತ್ತದೆ.

ಕ್ಯಾಂಪ್‌ಬೆಲ್ಲನ ಹೆಸರಿನಿಂದಲೇ ಪ್ರಸಿದ್ಧವಾಗಿರುವ ನಕ್ಷೆಯನ್ನು ಕಾಲೇಜು ವಿದ್ಯಾರ್ಥಿಗಳು ತಾವೇ ಬರೆಯಬಹುದು. ಅಡ್ಡಗೆರೆಯ ಮೇಲೆ ತಿರುಗುವ ವೇಗ, ನೆಟ್ಟಗೆರೆಯ ಮೇಲೆ ಆವೃತ್ತಿ. ಮೂಲಬಿಂದುವಿನಿಂದ ಬೀಸಣಿಗೆಯ ಕಡ್ಡಿಗಳಂತೆ ಹೊರಡುವ ಓರೆಗೆರೆಗಳೇ ಶ್ರೇಣಿಗಳು. ಸಹಜ ಆವೃತ್ತಿಗಳು ಬಹುಮಟ್ಟಿಗೆ ಅಡ್ಡಲಾಗಿ ಹೋಗುತ್ತವೆ. ತಿರುಗುವ ಅಲಗನ್ನು ಕೇಂದ್ರಾಪಗಾಮಿ ಬಲವು ತಂತಿಯಂತೆ ಬಿಗಿಯುವುದರಿಂದ ವೇಗ ಹೆಚ್ಚಿದಂತೆ ಕೊಂಚ ಮೇಲಕ್ಕೆ ಬಾಗುತ್ತವೆ. ಕಡ್ಡಿಯೂ ಅಡ್ಡಗೆರೆಯೂ ಕತ್ತರಿಸುವ ವೇಗದಲ್ಲಿ ಯಂತ್ರವನ್ನು ಓಡಿಸಬಾರದು. ಒಂದು ಶತಮಾನ ಕಳೆದರೂ ಈ ನಕ್ಷೆಯನ್ನು ಎಂಜಿನಿಯರರು ಕೈಬಿಟ್ಟಿಲ್ಲ.

ದಣಿದ ಅಲಗು ಮುರಿದರೆ ಏನಾಗಬಲ್ಲದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ. ಉತ್ತರ ಪ್ರದೇಶದಲ್ಲಿ ಗಂಗಾನದಿಯ ದಡದ ಮೇಲಿರುವ ನರೋರಾ ಪರಮಾಣು ವಿದ್ಯುದಾಗಾರದ ಒಂದನೆಯ ಘಟಕದಲ್ಲಿ 1993ರ ಮಾರ್ಚ್ 31ರಂದು ಬೆಳಗಿನ ಜಾವ ಮೂರೂವರೆಯ ಸುಮಾರಿಗೆ ಕಡಿಮೆ ಒತ್ತಡದ ಟರ್ಬೈನಿನ ಎರಡು ಅಲಗುಗಳು ಲೋಹದ ದಣಿವಿನಿಂದ ಮುರಿದು ಹಾರಿದವು. 10 ಗ್ರಾಮಿನ ತುಣುಕು ಮಾಡುವ ಉಪದ್ರವವನ್ನು ಮೇಲೆ ನೋಡಿದೆವು. ಕಿಲೋಗ್ರಾಂ ಲೆಕ್ಕದಲ್ಲಿ ತೂಗುವ ಅಲಗುಗಳು ಕಿತ್ತುಹೋದರೆ ಹುಟ್ಟುವ ನಡುಕವನ್ನು ಊಹಿಸಿಕೊಳ್ಳಬಹುದು. ಆ ನಡುಕಕ್ಕೆ ಜನರೇಟರನ್ನು ತಂಪಾಗಿರಿಸಲು ಬಳಸುವ ಜಲಜನಕದ ಬಿಗಿಮುಚ್ಚಿಕೆಗಳು ಹರಿದವು. ಅನಿಲವೂ ಬೇರಿಂಗಿನ ಎಣ್ಣೆಯೂ ಹೊತ್ತಿಕೊಂಡು ಉರಿದವು. ಬೆಂಕಿಗೆ ವಿದ್ಯುತ್ ತಂತಿಗಳು ಸುಟ್ಟು, ತುರ್ತುಸ್ಥಿತಿಗೆಂದು ಇಟ್ಟಿದ್ದ ವಿದ್ಯುತ್ ವ್ಯವಸ್ಥೆಯೂ ಸೇರಿ, ಘಟಕವು ಸುಮಾರು 17 ಗಂಟೆಗಳ ಕಾಲ ಕತ್ತಲಲ್ಲಿ ಮುಳುಗಿತು. ಸಿಬ್ಬಂದಿಯವರು ರಿಯಾಕ್ಟರನ್ನು ತತ್‌ಕ್ಷಣ ನಿಲ್ಲಿಸಿದ್ದರು. ಆದರೆ ನಿಂತ ರಿಯಾಕ್ಟರಿನಲ್ಲಿಯೂ ಶಾಖ ಹುಟ್ಟುತ್ತಲೇ ಇರುತ್ತದೆ. ಡೀಸೆಲಿನಿಂದ ನಡೆಯುವ ಅಗ್ನಿಶಾಮಕ ಪಂಪುಗಳ ನೀರನ್ನು ಉಗಿ ಉತ್ಪಾದಕಗಳಿಗೆ ಹರಿಸಿದರು. ಕೆಲವರು ಕೈದೀಪ ಹಿಡಿದು ಕಟ್ಟಡದ ಮೇಲಕ್ಕೆ ಹತ್ತಿ, ಪರಮಾಣು ಕ್ರಿಯೆ ಮತ್ತೆ ಆರಂಭವಾಗದಂತೆ ತಡೆಯುವ ಬೋರಾನ್ ದ್ರಾವಣವನ್ನು ತಾವೇ ಕವಾಟ ತೆರೆದು ಬಿಟ್ಟರು. ಪ್ರಾಣಹಾನಿಯಾಗಲಿಲ್ಲ, ವಿಕಿರಣವು ಹೊರಕ್ಕೆ ಬರಲಿಲ್ಲ. ಅಂತಾರಾಷ್ಟ್ರೀಯ ಮಾಪಕದಲ್ಲಿ ಈ ಘಟನೆಯನ್ನು ಮೂರನೆಯ ದರ್ಜೆಯದೆಂದು ಎಣಿಸಲಾಯಿತು.

ಇಂಥ ಅಲಗಿನಲ್ಲಿ ಬಿರುಕು ಮೂಡುತ್ತಿರುವಾಗ ಬೇರಿಂಗಿನ ಮೇಲಿರುವ ಸಂವೇದಕಕ್ಕೆ ಅದು ತಿಳಿಯುವುದೇ? ಬಹಳ ಸಲ ತಿಳಿಯದು. ಒಂದು ಅಲಗಿನ ಪುಟ್ಟ ಬಿರುಕಿನಿಂದ ಟನ್ನುಗಟ್ಟಲೆ ತೂಗುವ ಷಾಫ್ಟಿನ ನಡುಕದಲ್ಲಿ ಗಮನಾರ್ಹವಾದ ವ್ಯತ್ಯಾಸವಾಗುವುದಿಲ್ಲ. ಕಂಪನವನ್ನು ಅಳೆದರೆ ಸಾಕು, ಎಲ್ಲ ಅಪಾಯವೂ ಮೊದಲೇ ಗೊತ್ತಾಗುತ್ತದೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ. ಅಲಗುಗಳನ್ನು ರೂಪಿಸುವಾಗಲೇ ಅವುಗಳ ಸಹಜ ಆವೃತ್ತಿಯು ಓಡುವ ವೇಗದ ಯಾವ ಕಡ್ಡಿಯ ಮೇಲೂ ಬೀಳದಂತೆ ಕ್ಯಾಂಪ್‌ಬೆಲ್ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಯಂತ್ರ ನಿಂತಾಗ ಒಂದೊಂದು ಅಲಗನ್ನೂ ಪರೀಕ್ಷಿಸಬೇಕು.

ಸದ್ದಿನ ವಿಷಯದಲ್ಲಿ ಒಂದು ಚಿಕ್ಕ ಸಂಗತಿಯನ್ನು ಹೇಳದೆ ಬಿಡಲಾಗದು. ಕೆಲವು ಕಾರುಗಳ ರೇಡಿಯೇಟರಿನ ಫ್ಯಾನಿನ ಅಲಗುಗಳ ನಡುವಣ ಅಂತರವು ಒಂದೇ ಸಮನಾಗಿರುವುದಿಲ್ಲ. ಇದು ತಯಾರಿಸಿದವರ ಅಚಾತುರ್ಯವಲ್ಲ. ಏಳು ಅಲಗುಗಳು ಸಮನಾದ ಅಂತರದಲ್ಲಿದ್ದರೆ ಏಳನೆಯ ಶ್ರೇಣಿಯೊಂದೇ ಸಿಳ್ಳೆಯಂತೆ ಕೂಗುತ್ತದೆ. ಅಂತರವನ್ನು ಏರುಪೇರು ಮಾಡಿದರೆ ಅದೇ ಶಕ್ತಿ ಹಲವು ಶ್ರೇಣಿಗಳಿಗೆ ಹಂಚಿಹೋಗಿ, ಕಿವಿಗೆ ಬರಿಯ ಗಾಳಿಯ ಸದ್ದಿನಂತೆ ಕೇಳಿಸುತ್ತದೆ. ಟೈರಿನ ಮೇಲಿನ ಗೆರೆಗಳ ಅಂತರವನ್ನೂ ಇದೇ ಕಾರಣಕ್ಕೆ ಬದಲಿಸಿರುತ್ತಾರೆ.

ಇವುಗಳಲ್ಲಿ ಕೆಲವನ್ನು ಸ್ವತಃ ಪರೀಕ್ಷಿಸಬೇಕೆನ್ನುವವರಿಗೆ ಈಗ ಉಪಕರಣದ ಕೊರತೆಯಿಲ್ಲ. ಜೇಬಿನಲ್ಲಿರುವ ಮೊಬೈಲು ಫೋನಿನೊಳಗೆ ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ಕೂತ ಸಿಲಿಕಾನ್ ಚೂರೊಂದು ಅಲುಗಾಟವನ್ನು ಅಳೆಯುತ್ತಲೇ ಇರುತ್ತದೆ. ಆ ಅಳತೆಯನ್ನು ನಕ್ಷೆಯಾಗಿ ತೋರಿಸುವ ತಂತ್ರಾಂಶಗಳು ಧರ್ಮಾರ್ಥವಾಗಿ ದೊರೆಯುತ್ತವೆ. ಫೋನನ್ನು ಬಟ್ಟೆ ಒಗೆಯುವ ಯಂತ್ರದ ಮೇಲೆ ಅಂಟುಪಟ್ಟಿಯಿಂದ ಭದ್ರವಾಗಿ ಕೂರಿಸಿ, ಹಿಂಡುವಿಕೆ ಆರಂಭವಾಗುವ ಮುಂಚಿನಿಂದ ಪೂರ್ತಿ ನಿಲ್ಲುವವರೆಗೆ ದಾಖಲಿಸಿರಿ. ಏರುವಾಗಿನ ಶಿಖರವನ್ನು ಇಳಿಯುವಾಗಿನ ಶಿಖರದೊಡನೆ ಹೋಲಿಸಿರಿ. ವೇಗ ಬೇಗ ಬದಲಾಗುತ್ತಿದ್ದರೆ ಮೊದಲನೆಯದು ಕೊಂಚ ಹೆಚ್ಚಿನ ವೇಗದಲ್ಲಿಯೂ ಎರಡನೆಯದು ಕೊಂಚ ಕಡಿಮೆ ವೇಗದಲ್ಲಿಯೂ ಕಾಣಬೇಕು; ಅನುರಣನವು ಬಲಿಯಲು ತಡವಾಗುವುದೇ ಅದಕ್ಕೆ ಕಾರಣ. ಒಂದು ಎಚ್ಚರಿಕೆ: ಫೋನು ಸೆಕೆಂಡಿಗೆ 100 ಸಲ ಅಳೆಯುವಂಥದಾದರೆ ಸೆಕೆಂಡಿಗೆ 50 ಕಂಪನಗಳಿಗಿಂತ ಹೆಚ್ಚಿನದನ್ನು ಅದು ಸರಿಯಾಗಿ ತೋರಿಸಲಾರದು. 60 ಕಂಪನಗಳದ್ದನ್ನು 40 ಎಂದು ತೋರಿಸಿಬಿಡುತ್ತದೆ. ಸಿನಿಮಾದಲ್ಲಿ ಬಂಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಬಗೆಯ ಮೋಸ. ಹೀಗೆ ಮೋಸಹೋಗಿದ್ದೇವೆಯೇ ಎಂದು ಸಂದೇಹ ಬಂದರೆ ವೇಗ ಏರುತ್ತಿರುವಾಗಿನ ನಕ್ಷೆಯನ್ನು ನೋಡಿರಿ. ನಿಜವಾದ ಶ್ರೇಣಿಯ ಶಿಖರ ಮೇಲಕ್ಕೆ ಸರಿಯುತ್ತದೆ, ಹುಸಿಯಾದದ್ದು ಕೆಳಕ್ಕೆ ಸರಿಯುತ್ತದೆ.